ಬೆಲ್ಟು ಬಿಚ್ಚಿ, ಕೈ ಎತ್ತಿ... ವಿಮಾನ ನಿಲ್ದಾಣದ ತಪಾಸಣೆಯ ಚರಿತ್ರೆ

ನಮ್ಮ ಸೀವುಡ್ಸಿನವರಿಗೆ ವಿಮಾನ ಹತ್ತುವುದೆಂದರೆ ಇತ್ತೀಚಿನವರೆಗೂ ಅರ್ಧ ದಿನದ ಕೆಲಸವಾಗಿತ್ತು. ವಾಶಿಯ ಸೇತುವೆ ದಾಟಿ, ಮಾನಖುರ್ದ್-ಚೆಂಬೂರಿನ ಟ್ರಾಫಿಕ್ಕಿನಲ್ಲಿ ಬೆವರಿ, ಸಾಂತಾಕ್ರೂಜಿಗೋ ಸಹಾರಿಗೋ ಮುಟ್ಟುವಷ್ಟರಲ್ಲಿ ಪ್ರಯಾಣವೇ ಮುಗಿದಷ್ಟು ಸುಸ್ತು. 2025ರ ಅಕ್ಟೋಬರ್ 8ರಂದು ನವಿ ಮುಂಬಯಿ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು, ಡಿಸೆಂಬರ್ 25ರಿಂದ ವಿಮಾನಗಳು ಹಾರತೊಡಗಿದವು. ಪಾಮ್ ಬೀಚ್ ರಸ್ತೆಯ ಆಸುಪಾಸಿನ ನಮ್ಮಂಥವರಿಗೆ ವಿಮಾನ ನಿಲ್ದಾಣ ಈಗ ನೆರೆಮನೆ ಇದ್ದ ಹಾಗೆ. ದೂರವೇನೋ ಕಡಿಮೆಯಾಯಿತು. ಆದರೆ ಎಷ್ಟೇ ಹೊಸ ಕಟ್ಟಡ ಕಟ್ಟಿದರೂ ಕಡಿಮೆಯಾಗದ್ದು ಒಂದಿದೆ, ಅದು ತಪಾಸಣೆಯ ಕ್ಯೂ.

ಬ್ಯಾಗು ಟ್ರೇಗೆ, ಮೊಬೈಲು ಟ್ರೇಗೆ, ಲ್ಯಾಪ್‌ಟಾಪು ಬೇರೆ ಟ್ರೇಗೆ, ಬೆಲ್ಟು ಬಿಚ್ಚಿ, ಕೈ ಎತ್ತಿ, ಕಾಲಗಲಿಸಿ ನಿಲ್ಲಿ. ನಾವೆಲ್ಲ ಇದನ್ನು ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿದಷ್ಟು ಸಹಜವಾಗಿ ಮಾಡುತ್ತೇವೆ. ಯಾಕೆ ಮಾಡುತ್ತೇವೆ ಅಂತ ಕೇಳುವುದನ್ನೇ ಬಿಟ್ಟಿದ್ದೇವೆ. ಆದರೆ ಈ ಒಂದೊಂದು ನಿಯಮಕ್ಕೂ ಒಂದು ಹುಟ್ಟಿದ ದಿನ ಇದೆ. ಹೆಚ್ಚಿನವು ಹುಟ್ಟಿದ್ದು ಯಾರದೋ ಸಾವಿನ ಮರುದಿನ. ಇನ್ನು ಕೆಲವು ಹುಟ್ಟಿದ್ದು ದಿಲ್ಲಿಯಲ್ಲಿ ಯಾರಿಗೋ ಮುಖ ಉಳಿಸಿಕೊಳ್ಳಬೇಕಾದ ಸಂದರ್ಭದಲ್ಲಿ. ಆ ಜಾತಕವನ್ನೇ ಸ್ವಲ್ಪ ಬಿಡಿಸಿ ನೋಡೋಣ ಅಂತ ಈ ಬರಹ.

1960ರ ದಶಕದವರೆಗೆ ವಿಮಾನ ಹತ್ತುವುದು ಹೆಚ್ಚುಕಡಿಮೆ ಬಸ್ಸು ಹತ್ತಿದ ಹಾಗೇ ಇತ್ತು. ಟಿಕೆಟು ತೋರಿಸಿದರೆ ಮುಗಿಯಿತು. ಅಮೆರಿಕದಲ್ಲಿ ವಿಮಾನಗಳನ್ನು ಕ್ಯೂಬಾಕ್ಕೆ ತಿರುಗಿಸುವ ಕಾಟ ವಿಪರೀತವಾದ ಮೇಲೆ 1973ರ ಜನವರಿಯಿಂದ ಅಲ್ಲಿ ಎಲ್ಲ ಪ್ರಯಾಣಿಕರ ತಪಾಸಣೆ ಕಡ್ಡಾಯವಾಯಿತು. ನಮ್ಮ ಪಾಠ ಅದಕ್ಕೂ ಎರಡು ವರ್ಷ ಮೊದಲೇ ಶುರುವಾಗಿತ್ತು.

1971ರ ಜನವರಿ 30. ಶ್ರೀನಗರದಿಂದ ಜಮ್ಮುವಿಗೆ ಹೊರಟ ಇಂಡಿಯನ್ ಏರ್‌ಲೈನ್ಸಿನ 'ಗಂಗಾ' ಎಂಬ ಪುಟ್ಟ ಫೋಕರ್ ವಿಮಾನವನ್ನು ಹಾಶಿಮ್ ಕುರೇಶಿ, ಅಶ್ರಫ್ ಕುರೇಶಿ ಎಂಬ ಇಬ್ಬರು ಹುಡುಗರು ಲಾಹೋರಿಗೆ ಒಯ್ದರು. ಅವರ ಕೈಯಲ್ಲಿದ್ದದ್ದು ಏನು ಗೊತ್ತೇ? ಒಂದು ಆಟಿಕೆ ಪಿಸ್ತೂಲು, ಒಂದು ಮರದ ಗ್ರೆನೇಡು! ಪ್ರಯಾಣಿಕರು ಕ್ಷೇಮವಾಗಿ ಮರಳಿದರು, ವಿಮಾನವನ್ನು ಮಾತ್ರ ಲಾಹೋರಿನಲ್ಲಿ ಸುಟ್ಟುಹಾಕಿದರು. ಭಾರತ ಕೂಡಲೇ ತನ್ನ ಆಕಾಶದಲ್ಲಿ ಪಾಕಿಸ್ತಾನದ ವಿಮಾನಗಳ ಹಾರಾಟ ನಿಷೇಧಿಸಿತು. ಪೂರ್ವ ಪಾಕಿಸ್ತಾನಕ್ಕೆ ಸೈನಿಕರನ್ನು ಸಾಗಿಸಬೇಕಿದ್ದರೆ ಶ್ರೀಲಂಕಾ ಸುತ್ತಿ ಹೋಗಬೇಕಾಯಿತು. ಅದೇ ವರ್ಷದ ಕೊನೆಗೆ ಬಾಂಗ್ಲಾದೇಶ ಹುಟ್ಟಿತು. ಮೊದಲು ಆ ಹುಡುಗರನ್ನು ವೀರರೆಂದು ಮೆರೆಸಿದ ಪಾಕಿಸ್ತಾನವೇ ಆಮೇಲೆ ಅವರನ್ನು ಭಾರತದ ಏಜೆಂಟರೆಂದು ಹೇಳಿ ಜೈಲಿಗೆ ಹಾಕಿತು. ಒಂದು ಮರದ ಗ್ರೆನೇಡಿನಿಂದ ಎರಡು ದೇಶಗಳ ರಾಜಕಾರಣ ಎಷ್ಟೆಲ್ಲ ಬೆಳೆ ತೆಗೆಯಬಹುದು ಎನ್ನುವುದು ಅಂದೇ ಗೊತ್ತಾಯಿತು.

1976ರ ಸೆಪ್ಟೆಂಬರಿನಲ್ಲಿ ಮತ್ತೊಂದು ವಿಮಾನ ಲಾಹೋರಿಗೆ ಹೋಯಿತು. ಆಗ ಪಾಂಡೆ ಸಮಿತಿ ಕೂತಿತು. ಅದರ ಶಿಫಾರಸಿನಂತೆ 1978ರ ಜನವರಿಯಲ್ಲಿ ನಾಗರಿಕ ವಿಮಾನಯಾನ ಇಲಾಖೆಯೊಳಗೆ ಭದ್ರತೆಗೆಂದೇ ಒಂದು ಘಟಕ ಶುರುವಾಯಿತು. ಇವತ್ತು ನಾವು ಬಿಸಿಎಎಸ್ ಎನ್ನುವ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ಮೊಳಕೆ ಅದೇ.

ತಮಾಷೆ ನೋಡಿ, ಪಾಂಡೆ ಸಮಿತಿಯ ಘಟಕ ಶುರುವಾದ ವರ್ಷವೇ ಬೇರೆ ಪಾಂಡೆಗಳಿಬ್ಬರು ವಿಮಾನ ಅಪಹರಿಸಿದರು. 1978ರ ಡಿಸೆಂಬರ್ 20ರಂದು ಭೋಲಾನಾಥ ಪಾಂಡೆ, ದೇವೇಂದ್ರನಾಥ ಪಾಂಡೆ ಎಂಬ ಯುವ ಕಾಂಗ್ರೆಸ್ಸಿನವರು ಲಖನೌದಿಂದ ದಿಲ್ಲಿಗೆ ಹೊರಟ ವಿಮಾನವನ್ನು ವಾರಾಣಸಿಗೆ ತಿರುಗಿಸಿದರು. ಅವರ ಬೇಡಿಕೆ, ಬಂಧನದಲ್ಲಿದ್ದ ಇಂದಿರಾ ಗಾಂಧಿಯವರನ್ನು ಬಿಡಬೇಕು ಅನ್ನೋದು. ಆಯುಧ ಆಟಿಕೆ ಪಿಸ್ತೂಲು ಮತ್ತು ಬಾಂಬೆಂದು ತೋರಿಸಿದ ಒಂದು ಕ್ರಿಕೆಟ್ ಚೆಂಡು. ಮರುದಿನ ಶರಣಾದರು. 1980ರಲ್ಲಿ ಇಬ್ಬರೂ ಉತ್ತರ ಪ್ರದೇಶದ ವಿಧಾನಸಭೆಗೆ ಶಾಸಕರಾಗಿ ಹೋದರು. ವಿಮಾನದೊಳಗೆ ಕೂತು ಪ್ರಾಣ ಕೈಯಲ್ಲಿ ಹಿಡಿದುಕೊಂಡಿದ್ದವರಿಗೆ ಅದು ಆಟಿಕೆ ಅಂತ ಗೊತ್ತಿರಲಿಲ್ಲ ಎನ್ನುವುದನ್ನು ಟಿಕೆಟು ಕೊಟ್ಟ ಪಕ್ಷ ಮರೆತಿತ್ತು. ಭಯೋತ್ಪಾದನೆ ಯಾವುದು, 'ಪ್ರತಿಭಟನೆ' ಯಾವುದು ಎನ್ನುವುದನ್ನು ಅಧಿಕಾರದಲ್ಲಿ ಯಾರಿದ್ದಾರೆ ಎನ್ನುವುದೇ ಎಷ್ಟೋ ಸಲ ತೀರ್ಮಾನಿಸುತ್ತದೆ.

ಈ ಮಾತಿಗೆ ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸರಿಗಿಂತ ದೊಡ್ಡ ಉದಾಹರಣೆ ಬೇಕೇ? ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದು, ಚೌಪಾಟಿಯ ಬೆಂಚಿನ ಮೇಲೆ ಮಲಗಿ, ಟ್ಯಾಕ್ಸಿ ಚಾಲಕರ, ಮುನಿಸಿಪಾಲಿಟಿ ನೌಕರರ ಸಂಘ ಕಟ್ಟಿ, 1967ರಲ್ಲಿ ಎಸ್.ಕೆ. ಪಾಟೀಲರಂಥ ಎಸ್.ಕೆ. ಪಾಟೀಲರನ್ನೇ ಸೋಲಿಸಿದ ಮನುಷ್ಯ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ ಬರೋಡಾ ಡೈನಮೈಟ್ ಪ್ರಕರಣದಲ್ಲಿ ಅವರನ್ನು ಬಂಧಿಸಿದರು. ಡೈನಮೈಟಿಟ್ಟು ಸರಕಾರದ ಸೊತ್ತುಗಳನ್ನು ಹಾರಿಸುವ ಸಂಚು ಎಂಬುದು ಆರೋಪ. ಅಂದರೆ ಆಗಿನ ಸರಕಾರದ ಕಣ್ಣಿಗೆ ಅವರು ಭಯೋತ್ಪಾದಕ. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಮುಜಫ್ಫರಪುರದಿಂದ ಗೆದ್ದರು, ಜನತಾ ಸರಕಾರ ಬಂತು, ಮೊಕದ್ದಮೆ ವಾಪಸಾಯಿತು, ಅವರು ಮಂತ್ರಿಯಾದರು. ಇದೇ ಪ್ರಕರಣದ ಸುಳಿಗೆ ಸಿಕ್ಕ ಸ್ನೇಹಲತಾ ರೆಡ್ಡಿಯವರಿಗೆ ಮಾತ್ರ ಆ ಭಾಗ್ಯವಿರಲಿಲ್ಲ. 'ಸಂಸ್ಕಾರ' ಚಿತ್ರದ ಚಂದ್ರಿ ಅವರು. ಉಬ್ಬಸದ ಕಾಯಿಲೆಯಿದ್ದ ಅವರನ್ನು ಬೆಂಗಳೂರಿನ ಜೈಲಿನಲ್ಲಿ ತಿಂಗಳುಗಟ್ಟಲೆ ಇಟ್ಟರು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಬಿಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಅದೇ ಜಾರ್ಜ್ ಕಾಲು ಶತಮಾನದ ನಂತರ ದೇಶದ ರಕ್ಷಣಾ ಮಂತ್ರಿ. 2001ರ ಸೆಪ್ಟೆಂಬರ್ 11ರ ದಾಳಿಯಿಂದ ಬೆಚ್ಚಿದ ಅಮೆರಿಕಕ್ಕೆ 2002ರಲ್ಲಿ ಅಧಿಕೃತ ಭೇಟಿಗೆ ಹೋದಾಗ ವಾಷಿಂಗ್ಟನ್ನಿನ ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಅವರ ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿದರು. 2003ರಲ್ಲಿ ಬ್ರೆಜಿಲ್ಲಿಗೆ ಹೋಗುವ ದಾರಿಯಲ್ಲಿ ಮತ್ತೊಮ್ಮೆ ಅದೇ ಕಥೆ. ಇದು ಹೊರಬಿದ್ದದ್ದು 2004ರಲ್ಲಿ, ಅಮೆರಿಕದ ಮಾಜಿ ಅಧಿಕಾರಿ ಸ್ಟ್ರೋಬ್ ಟಾಲ್ಬಟ್ ಬರೆದ ಪುಸ್ತಕದಿಂದ. ಆಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯ ರಿಚರ್ಡ್ ಆರ್ಮಿಟೇಜ್ ಕ್ಷಮೆ ಕೇಳಿದರು. ಒಂದು ಬಿಲಿಯನ್ ಜನರ ದೇಶದ ಸೈನ್ಯದ ಹೊಣೆ ಹೊತ್ತವರಿಗೇ ಹೀಗಾದರೆ, ಒಂದು ಸೂಟ್‌ಕೇಸು ಹಿಡಿದು ಮಗಳ ಬಾಣಂತನಕ್ಕೆ ಹೊರಟ ನಮ್ಮೂರಿನ ಅಜ್ಜಿಯಂದಿರ ಗತಿ ಏನು?

ಸರಿ, ಚರಿತ್ರೆಯ ದಾರಿಗೆ ಮರಳೋಣ. ಪಿಸ್ತೂಲಿನ ಕಾಲ ಹೋಗಿ ಬಾಂಬಿನ ಕಾಲ ಬಂದದ್ದು 1985ರ ಜೂನ್ 23ರಂದು. ಏರ್ ಇಂಡಿಯಾದ 'ಕನಿಷ್ಕ' ಐರ್ಲೆಂಡಿನ ಸಮೀಪ ಸಮುದ್ರದ ಮೇಲೆ ಸ್ಫೋಟಗೊಂಡು 329 ಮಂದಿ ಸತ್ತರು. ವ್ಯಾಂಕೂವರಿನಲ್ಲಿ ಒಬ್ಬ ತನ್ನ ಸೂಟ್‌ಕೇಸನ್ನು ಒಪ್ಪಿಸಿ ತಾನು ವಿಮಾನ ಹತ್ತಲೇ ಇಲ್ಲ. ಸೂಟ್‌ಕೇಸು ಮಾತ್ರ ಟೊರಾಂಟೋದಲ್ಲಿ ವಿಮಾನ ಬದಲಿಸಿ ಕನಿಷ್ಕದ ಹೊಟ್ಟೆ ಸೇರಿತು. ಟೊರಾಂಟೋದಲ್ಲಿ ಎಕ್ಸ್‌ರೇ ಯಂತ್ರ ಅಂದೇ ಕೆಟ್ಟಿತ್ತು. ಅದೇ ದಿನ ಜಪಾನಿನ ನರಿತಾದಲ್ಲಿ ಇನ್ನೊಂದು ಸೂಟ್‌ಕೇಸು ಸಿಡಿದು ಸಾಮಾನು ಎತ್ತುವ ಇಬ್ಬರು ಕೆಲಸಗಾರರು ಸತ್ತರು. ಯಜಮಾನನಿಲ್ಲದ ಪೆಟ್ಟಿಗೆ ಹಾರಬಾರದು ಎಂಬ ನಿಯಮ ಗಟ್ಟಿಯಾದದ್ದು ಇದರಿಂದ. 1987ರ ಏಪ್ರಿಲ್ 1ರಂದು ಬಿಸಿಎಎಸ್ ಸ್ವತಂತ್ರ ಇಲಾಖೆಯಾಯಿತು.

ಹಳಬರಿಗೆ ನೆನಪಿರಬಹುದು, ಆ ಕಾಲದಲ್ಲಿ ವಿಮಾನ ಹತ್ತುವ ಮೊದಲು ರನ್‌ವೇ ಬದಿಯ ಬಿಸಿಲಿನಲ್ಲಿ ಸಾಲಾಗಿಟ್ಟ ಪೆಟ್ಟಿಗೆಗಳ ಮುಂದೆ ನಿಂತು 'ಇದು ನನ್ನದು' ಅಂತ ಬೆರಳು ತೋರಿಸಬೇಕಿತ್ತು. ತೋರಿಸಿದ ಮೇಲೆಯೇ ಅದು ವಿಮಾನದೊಳಕ್ಕೆ. ಗಲ್ಫಿಗೆ ಹೋಗುವ ಕರಾವಳಿಯ ಹುಡುಗರೆಲ್ಲ ಆಗ ಮುಂಬಯಿಗೇ ಬರಬೇಕಿತ್ತು. ಮಂಗಳೂರಿನಿಂದ ನೇರ ವಿದೇಶೀ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೂ ಮುಂಚೆ ವೀಸಾ ಬರುವ ತನಕ ಇಲ್ಲಿನ ಖೋಲಿಗಳಲ್ಲಿ ಹತ್ತು ಹನ್ನೆರಡು ಜನ ಮಲಗಿ, ಹೋಟೆಲಿನಲ್ಲಿ ಊಟ ಮಾಡಿ, ಕೊನೆಗೊಂದು ರಾತ್ರಿ ಸಹಾರಿನ ಬಾಗಿಲಲ್ಲಿ ಹಗ್ಗ ಕಟ್ಟಿದ ಪೆಟ್ಟಿಗೆಯೊಂದಿಗೆ ನಿಲ್ಲುತ್ತಿದ್ದರು. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದಿರುತ್ತಿದ್ದರು. ಬಿಸಿಲಲ್ಲಿ ಬೆರಳು ತೋರಿಸುವಾಗ ಆ ದಪ್ಪ ಅಕ್ಷರ ಉಪಯೋಗಕ್ಕೆ ಬರುತ್ತಿತ್ತು.

1986ರ ಸೆಪ್ಟೆಂಬರ್ 5ರಂದು ಮುಂಬಯಿಯಿಂದ ಹೊರಟ ಪ್ಯಾನ್ ಆಮ್ 73 ಕರಾಚಿಯಲ್ಲಿ ಇಳಿದಾಗ ಬಂದೂಕುಧಾರಿಗಳು ಒಳನುಗ್ಗಿದರು. ಪ್ರಯಾಣಿಕರನ್ನು ಉಳಿಸಲು ಹೋಗಿ ಪ್ರಾಣ ಕೊಟ್ಟ ನೀರ್ಜಾ ಭನೋಟ್ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಸಂಗತಿ ಎಂದರೆ, ಆ ಬಂದೂಕುಧಾರಿಗಳು ವಿಮಾನದ ತನಕ ಬಂದದ್ದು ನಿಲ್ದಾಣದ ಭದ್ರತಾ ಸಿಬ್ಬಂದಿಯ ವೇಷದಲ್ಲಿ, ಭದ್ರತಾ ವಾಹನದಂತೆ ಕಾಣುವ ವ್ಯಾನಿನಲ್ಲಿ. ಸಮವಸ್ತ್ರ ನೋಡಿದ ಕೂಡಲೇ ನಿರಾಳವಾಗುವ ನಮ್ಮ ಸ್ವಭಾವವನ್ನೇ ಅವರು ಉಪಯೋಗಿಸಿಕೊಂಡಿದ್ದರು. 1993ರ ಮಾರ್ಚ್ 12ರ ಸರಣಿ ಸ್ಫೋಟದಲ್ಲಿ 257 ಮಂದಿ ಸತ್ತ ದಿನ ಸಹಾರ್ ನಿಲ್ದಾಣದ ಮೇಲೂ ಗ್ರೆನೇಡು ಬಿದ್ದಿತ್ತು. ಪಕ್ಕದ ಸೆಂಟಾರ್ ಹೋಟೆಲಿನಲ್ಲಿ ಬಾಂಬು ಸಿಡಿದಿತ್ತು. ತಪಾಸಣೆಯ ಕ್ಯೂ ವಿಮಾನವನ್ನು ಕಾಯುತ್ತದೆ. ಕ್ಯೂನಲ್ಲಿ ನಿಂತವರನ್ನು, ಬೇಲಿಯಾಚೆಯವರನ್ನು ಕಾಯುವುದು ಬೇರೆಯೇ ವಿದ್ಯೆ.

ಇಷ್ಟೆಲ್ಲ ಆದರೂ ನಮ್ಮ ವಿಮಾನ ನಿಲ್ದಾಣಗಳ ಕಾವಲು ಆಯಾ ರಾಜ್ಯದ ಪೊಲೀಸರ ಕೈಯಲ್ಲೇ ಇತ್ತು. ಅದು ಬದಲಾದದ್ದು 1999ರ ಡಿಸೆಂಬರ್ 24ರ ಸಂಜೆಯಿಂದ. ಕಾಠ್ಮಂಡುವಿನಿಂದ ಹೊರಟ ಐಸಿ 814 ಅಮೃತಸರ, ಲಾಹೋರ್, ದುಬೈ ಎಂದು ಅಲೆದು ಕಂದಹಾರದಲ್ಲಿ ನಿಂತಿತು. ಅಮೃತಸರದಲ್ಲಿ ನಮ್ಮದೇ ನೆಲದ ಮೇಲೆ ನಿಂತಿದ್ದ ವಿಮಾನವನ್ನು ತಡೆಯಲಾಗಲಿಲ್ಲ. ಮದುವೆಯಾಗಿ ಮಧುಚಂದ್ರ ಮುಗಿಸಿ ಮರಳುತ್ತಿದ್ದ ರೂಪಿನ್ ಕತ್ಯಾಲರನ್ನು ಕೊಂದರು. ಇತ್ತ ದಿಲ್ಲಿಯಲ್ಲಿ ಪ್ರಧಾನಿ ನಿವಾಸದ ಹೊರಗೆ ಪ್ರಯಾಣಿಕರ ಮನೆಯವರ ಗೋಳಾಟ, ಅದನ್ನು ದಿನವಿಡೀ ತೋರಿಸಿದ ಟೀವಿ ಚಾನೆಲುಗಳು. ಡಿಸೆಂಬರ್ 31ರಂದು ಮಸೂದ್ ಅಜರ್ ಸೇರಿ ಮೂವರನ್ನು ಬಿಟ್ಟು, ವಿದೇಶಾಂಗ ಮಂತ್ರಿ ಜಸವಂತ ಸಿಂಗ್ ಖುದ್ದು ಕಂದಹಾರಕ್ಕೆ ಹೋಗಿ ಪ್ರಯಾಣಿಕರನ್ನು ಬಿಡಿಸಿ ತಂದರು. ಆ ಕುಟುಂಬಗಳ ಜಾಗದಲ್ಲಿ ನಾವಿದ್ದರೆ ನಾವೂ ಅದನ್ನೇ ಕೇಳುತ್ತಿದ್ದೆವು. ಬಿಟ್ಟವರಿಂದ ಮುಂದೆ ಏನಾಯಿತು ಎನ್ನುವುದೂ ಗೊತ್ತಿದೆ. ಇದಕ್ಕೆ ಸುಲಭದ ಉತ್ತರ ಇದೆ ಎನ್ನುವವರನ್ನು ನಾನು ನಂಬುವುದಿಲ್ಲ.

ಇದಾಗಿ ಐದೇ ವಾರದಲ್ಲಿ, 2000ದ ಫೆಬ್ರವರಿ 3ರಂದು ಜೈಪುರದ ವಿಮಾನ ನಿಲ್ದಾಣದ ಕಾವಲು ಸಿಐಎಸ್‌ಎಫ್ ಕೈಗೆ ಹೋಯಿತು. ಅಲ್ಲಿಯವರೆಗೆ ಕಾರ್ಖಾನೆ, ಉಕ್ಕಿನ ಸ್ಥಾವರಗಳನ್ನು ಕಾಯುತ್ತಿದ್ದ ಪಡೆ ಅದು. ಆಮೇಲೆ ಒಂದೊಂದೇ ನಿಲ್ದಾಣ ಸೇರಿಸಿಕೊಳ್ಳುತ್ತಾ ಬಂತು. ವಿಮಾನದ ಏಣಿಯ ಬುಡದಲ್ಲೇ ಮತ್ತೊಮ್ಮೆ ಮೈ ತಡವುವ ಪದ್ಧತಿ ಆ ಕಾಲದಲ್ಲಿ ಬಿಗಿಯಾಯಿತು. ಕೈಚೀಲಕ್ಕೆ ಕಟ್ಟಿದ ಚೀಟಿಗೆ ಠಸ್ಸೆ ಹೊಡೆಸುವ ಪದ್ಧತಿಯೂ ಬಹಳ ವರ್ಷ ನಡೆಯಿತು. ಠಸ್ಸೆ ಇಲ್ಲವೆಂದು ಬಾಗಿಲಿನಿಂದ ಓಡೋಡಿ ಮರಳಿದವರನ್ನು ನೀವೂ ನೋಡಿರಬಹುದು. ಮುಂಬಯಿ, ಬೆಂಗಳೂರು ಸೇರಿದಂತೆ ಏಳು ನಿಲ್ದಾಣಗಳಲ್ಲಿ ಇದು ನಿಂತದ್ದು 2017ರ ಏಪ್ರಿಲ್ 1ರಿಂದ.

ಮಿಕ್ಕ ನಿಯಮಗಳು ಹೊರದೇಶದ ಆಮದು. 2001ರ ಡಿಸೆಂಬರಿನಲ್ಲಿ ರಿಚರ್ಡ್ ರೀಡ್ ಎಂಬಾತ ಬೂಟಿನಲ್ಲಿ ಸ್ಫೋಟಕ ಇಟ್ಟುಕೊಂಡು ಹತ್ತಿದ, ಜಗತ್ತಿನ ಬೂಟುಗಳೆಲ್ಲ ಕಳಚಿದವು. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ತಂಪು ಪಾನೀಯದ ಬಾಟಲಿಯಲ್ಲಿ ದ್ರವ ಸ್ಫೋಟಕ ಒಯ್ಯುವ ಸಂಚು ಬಯಲಾಯಿತು, 100 ಮಿಲಿಲೀಟರಿನ ಲೆಕ್ಕ ಹುಟ್ಟಿತು. ಅಮೆರಿಕದಲ್ಲಿ ಎಲ್ಲರ ಬೂಟು ಬಿಚ್ಚಿಸುವುದು ನಿಂತದ್ದು 2025ರ ಜುಲೈಯಲ್ಲಿ. ಒಬ್ಬ ಮನುಷ್ಯನ ಒಂದು ಜೊತೆ ಬೂಟಿನಿಂದ ಇಷ್ಟು ವರ್ಷ! ಭಯ ತರುವ ನಿಯಮ ಒಂದು ವಾರದಲ್ಲಿ ಬರುತ್ತದೆ. ಅದನ್ನು ಹಿಂದೆ ತೆಗೆಯುವ ಧೈರ್ಯ ಯಾವ ಅಧಿಕಾರಿಗೂ ಬರುವುದಿಲ್ಲ. ತೆಗೆದ ಮರುದಿನ ಏನಾದರೂ ಆದರೆ ಸಹಿ ಹಾಕಿದವನ ಕುತ್ತಿಗೆಗೆ ಬರುತ್ತದಲ್ಲ.

ನಿಯಮ ಬಗ್ಗದೇ ಇರುವುದಿಲ್ಲ, ಬಗ್ಗಿಸುವವರ ಬಲ ಬೇಕು ಅಷ್ಟೇ. ಊರಿಂದ ಬರುವಾಗ ಮನೆಯವರು ಪ್ರೀತಿಯಿಂದ ಕಟ್ಟಿಕೊಟ್ಟ ಮಾವಿನಮಿಡಿ ಉಪ್ಪಿನಕಾಯಿಯ ಬಾಟಲಿ ಒಂದು ನಿಲ್ದಾಣದಲ್ಲಿ ನನ್ನ ಕಣ್ಣೆದುರೇ ಡಬ್ಬಿಗೆ ಬಿತ್ತು. ಕಣ್ಣಿಗೆ ಎರಚುವಂಥ ಖಾರದ ಪದಾರ್ಥ ಅಂತ ಕಾರಣ. ಕೈಚೀಲದಲ್ಲಿ ತೆಂಗಿನಕಾಯಿಗೂ ಅನುಮತಿಯಿಲ್ಲ. ಆದರೆ 2022ರ ನವೆಂಬರಿನಲ್ಲಿ ಶಬರಿಮಲೆ ಯಾತ್ರಿಗಳ ಇರುಮುಡಿಯ ತೆಂಗಿನಕಾಯಿಗೆ ಬಿಸಿಎಎಸ್ ಆ ಋತುವಿನ ಮಟ್ಟಿಗೆ ರಿಯಾಯಿತಿ ಕೊಟ್ಟಿತು. ತಪಾಸಣೆ ಮಾಡಿಯೇ ಬಿಟ್ಟದ್ದರಿಂದ ಏನೂ ತೊಂದರೆಯಾಗಲಿಲ್ಲ, ಸಂತೋಷ. ಮೈ ತಡವುವ ತಪಾಸಣೆಯಿಂದ ವಿನಾಯಿತಿ ಪಡೆದ ಗಣ್ಯರ ದೊಡ್ಡ ಪಟ್ಟಿಯನ್ನಂತೂ ನಿಲ್ದಾಣಗಳಲ್ಲಿ ಬೋರ್ಡು ಬರೆದು ಹಾಕುತ್ತಿದ್ದರು. ಆ ಪಟ್ಟಿಯಲ್ಲಿದ್ದೂ ಬಾಯ್ಮುಚ್ಚಿ ಕ್ಯೂನಲ್ಲಿ ನಿಂತವರೆಂದರೆ ಅಬ್ದುಲ್ ಕಲಾಮ್. ಮಾಜಿ ರಾಷ್ಟ್ರಪತಿಯನ್ನು 2009ರ ಏಪ್ರಿಲಿನಲ್ಲಿ ದಿಲ್ಲಿಯಲ್ಲಿ ಅಮೆರಿಕದ ಕಾಂಟಿನೆಂಟಲ್ ಏರ್‌ಲೈನ್ಸಿನವರು ತಪಾಸಣೆ ಮಾಡಿದರು. ಅವರು ದೂರಲೇ ಇಲ್ಲ. ಸಂಸತ್ತಿನಲ್ಲಿ ಗಲಾಟೆಯಾದ ಮೇಲೆ ಕಂಪೆನಿ ಕ್ಷಮೆ ಕೇಳಿತು.

ಕಲಾಮರ ಮಾತು ಬಂದಾಗ ನನ್ನ ಸ್ನೇಹಿತರೊಬ್ಬರು ನೆನಪಾಗುತ್ತಾರೆ. ವಾಶಿಯ ಎಪಿಎಂಸಿಯಲ್ಲಿ ವ್ಯಾಪಾರ ಮಾಡುವ, ಬಂಟ್ವಾಳ ಕಡೆಯ ಬ್ಯಾರಿ. ನಮ್ಮಿಬ್ಬರ ವಯಸ್ಸು ಒಂದೇ, ಇಬ್ಬರ ತಲೆಯೂ ಬೆಳ್ಳಗಾಗಿದೆ. ಎಷ್ಟೋ ಸಲ ಒಟ್ಟಿಗೇ ಊರಿಗೆ ಹಾರಿದ್ದೇವೆ. ನಾನು ಟ್ರೇಯಿಂದ ಬೆಲ್ಟು ಎತ್ತಿಕೊಂಡು ಸೊಂಟಕ್ಕೆ ಬಿಗಿಯುವಷ್ಟರಲ್ಲಿ ಅವರನ್ನು ಬದಿಗೆ ಕರೆದು ಚೀಲ ಬಿಚ್ಚಿಸುತ್ತಿರುತ್ತಾರೆ. ಒಮ್ಮೆ ಕೇಳಿದೆ, 'ಬೇಜಾರಾಗುದಿಲ್ವಾ ಸಾಹೇಬ್ರೆ?' ಅಂತ. ನಕ್ಕು ಹೇಳಿದರು, 'ಬೇಜಾರು ಮಾಡಿಕೊಂಡರೆ ಮುಖದಲ್ಲಿ ಕಾಣ್ತದೆ ಮಾರಾಯ್ರೆ. ಕಂಡರೆ ಮತ್ತೂ ಅರ್ಧ ಗಂಟೆ ಹೆಚ್ಚು. ನಾನು ಒಂದು ಗಂಟೆ ಮುಂಚೆ ಬರ್ತೇನೆ, ಅಷ್ಟೇ.' ಆ ಒಂದು ಗಂಟೆಯನ್ನು ಅವರು ಎಷ್ಟು ವರ್ಷದಿಂದ ಕಟ್ಟುತ್ತಿದ್ದಾರೆ ಅಂತ ಲೆಕ್ಕ ಹಾಕಿದರೆ, ಅದೂ ಒಂದು ಥರದ ತೆರಿಗೆಯೇ. ನನಗೆ ಮನ್ನಾ ಆದ ತೆರಿಗೆ.

2020ರ ಜನವರಿಯಲ್ಲಿ ಮಂಗಳೂರಿನಲ್ಲಿ ಆದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹಿಂದಿನ ಡಿಸೆಂಬರ್ 19ರಂದು ಪೌರತ್ವ ಕಾಯಿದೆಯ ವಿರುದ್ಧದ ಪ್ರತಿಭಟನೆಯ ವೇಳೆ ಪೊಲೀಸ್ ಗೋಲಿಬಾರಿನಲ್ಲಿ ಇಬ್ಬರು ಸತ್ತು ಊರು ಕುದಿಯುತ್ತಿತ್ತು. ಜನವರಿ 20ರಂದು ಬಜ್ಪೆ ವಿಮಾನ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಒಂದು ಚೀಲ ಸಿಐಎಸ್‌ಎಫ್ ಕಣ್ಣಿಗೆ ಬಿತ್ತು. ಒಳಗೆ ಸ್ಫೋಟಕ. ಅದನ್ನು ಕೆಂಜಾರಿನ ಬಯಲಿಗೆ ಒಯ್ದು ಸಿಡಿಸಿದರು. ಇಲ್ಲಿ ಮುಂಬಯಿಯಲ್ಲಿ ಕೂತ ನಮ್ಮ ಮೊಬೈಲುಗಳಲ್ಲೂ ಆ ಎರಡು ದಿನ ವಾಟ್ಸಾಪು ಸಿಡಿಯುತ್ತಲೇ ಇತ್ತು. ಇಟ್ಟವನು ಯಾವ ಮತದವನು ಅಂತ ಎಷ್ಟೋ ಜನರಿಗೆ ಪೊಲೀಸರಿಗಿಂತ ಮೊದಲೇ 'ಗೊತ್ತಾಗಿತ್ತು'. ಇನ್ನೊಂದು ಕಡೆ, ಇದು ಅಣಕು ಕಾರ್ಯಾಚರಣೆಯ ಹಾಗಿದೆ ಅಂತ ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು ಪೊಲೀಸರ ಮೇಲೇ ಸಂಶಯಪಟ್ಟರು. ಎರಡು ಗುಂಪಿಗೂ ಉತ್ತರ ಮೊದಲೇ ಸಿದ್ಧವಾಗಿತ್ತು.

ಜನವರಿ 22ರಂದು ಉಡುಪಿ ಜಿಲ್ಲೆಯ ಒಬ್ಬ ಇಂಜಿನಿಯರ್ ಬೆಂಗಳೂರಿಗೆ ಹೋಗಿ ಪೊಲೀಸರಿಗೆ ಶರಣಾದ. ಹಿಂದೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೆಲಸ ಸಿಗಲಿಲ್ಲವೆಂಬ ಸಿಟ್ಟಿಗೆ ಹುಸಿ ಬಾಂಬ್ ಕರೆ ಮಾಡಿ ಜೈಲಿಗೂ ಹೋಗಿ ಬಂದವನು. ವಾಟ್ಸಾಪಿನಲ್ಲಿ ಹೇಳಿದ ಮತದವನಲ್ಲ. ಅಣಕು ಕಾರ್ಯಾಚರಣೆಯೂ ಆಗಿರಲಿಲ್ಲ. 2022ರಲ್ಲಿ ಮಂಗಳೂರಿನ ನ್ಯಾಯಾಲಯ ಅವನಿಗೆ 20 ವರ್ಷದ ಶಿಕ್ಷೆ ಕೊಟ್ಟಿತು. ಸುದ್ದಿ ಬಂದ ದಿನ ನಮ್ಮ ಗುಂಪುಗಳಲ್ಲಿ ಎಷ್ಟು ಮೌನ! 'ಮಾನಸಿಕ ಸಮಸ್ಯೆ ಇರಬೇಕು ಪಾಪ' ಅಂತ ಒಂದಿಬ್ಬರು ಬರೆದರು. ಹೆಸರು ಬೇರೆ ಇದ್ದಿದ್ದರೆ ಅದೇ 'ಪಾಪ' ಬರುತ್ತಿತ್ತೇ? ಈ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಒಂದು ಮಾತು ಮಾತ್ರ ಹೇಳಬೇಕು. ಚೀಲವನ್ನು ಹಿಡಿದದ್ದು ವಾಟ್ಸಾಪಿನ ಪಾಂಡಿತ್ಯವಲ್ಲ. ಯಾರದು ಅಂತ ಕೇಳದೆ, ಯಜಮಾನನಿಲ್ಲದ ಚೀಲ ಎಂದಷ್ಟೇ ನೋಡಿದ ಒಬ್ಬ ಕಾವಲಿನವನ ಕಣ್ಣು.

ಭಯ ಬಿತ್ತಿದ ಮೇಲೆ ಅದರ ಬೆಳೆ ಎಲ್ಲೆಲ್ಲೋ ಏಳುತ್ತದೆ. 2022ರ ಆಗಸ್ಟ್ 14ರಂದು ಮಂಗಳೂರಿನಿಂದ ನಮ್ಮ ಮುಂಬಯಿಗೇ ಹೊರಟ ಇಂಡಿಗೋ ವಿಮಾನ ಆರು ಗಂಟೆ ತಡವಾಯಿತು. ಕಾರಣ, ಒಬ್ಬ ಯುವಕ ತನ್ನ ಗೆಳತಿಯೊಂದಿಗೆ ಭದ್ರತೆಯ ಬಗ್ಗೆ ತಮಾಷೆಯಾಗಿ ಮೆಸೇಜು ಮಾಡುತ್ತಿದ್ದ, ಅದನ್ನು ಸಹಪ್ರಯಾಣಿಕರೊಬ್ಬರು ಇಣುಕಿ ಓದಿದರು. 185 ಮಂದಿಯನ್ನೂ ಇಳಿಸಿ ಸಾಮಾನೆಲ್ಲ ಜಾಲಾಡಿದರು. 2017ರ ಅಕ್ಟೋಬರಿನಲ್ಲಿ ಮುಂಬಯಿ-ದಿಲ್ಲಿ ವಿಮಾನದ ಶೌಚಾಲಯದಲ್ಲಿ ಸಿಕ್ಕ ಅಪಹರಣದ ಚೀಟಿಗಾಗಿ ಒಬ್ಬ ವ್ಯಾಪಾರಿಗೆ 2019ರಲ್ಲಿ ಜೀವಾವಧಿ ಶಿಕ್ಷೆ, 5 ಕೋಟಿ ದಂಡ ಆಯಿತು. 2023ರಲ್ಲಿ ಗುಜರಾತ್ ಹೈಕೋರ್ಟ್ ಸಾಕ್ಷ್ಯ ಸಾಲದೆಂದು ಖುಲಾಸೆ ಮಾಡಿತು. 2024ರ ಅಕ್ಟೋಬರಿನಲ್ಲಂತೂ ಕೆಲವೇ ದಿನಗಳಲ್ಲಿ ನೂರಾರು ವಿಮಾನಗಳಿಗೆ ಹುಸಿ ಬೆದರಿಕೆ ಬಂತು. ಮೊದಲಿಗೆ ಸಿಕ್ಕಿಬಿದ್ದವರಲ್ಲಿ ಛತ್ತೀಸ್‌ಗಢದ ಒಬ್ಬ ಅಪ್ರಾಪ್ತ ಹುಡುಗನೂ ಇದ್ದ. 1971ರಲ್ಲಿ ಮರದ ಗ್ರೆನೇಡಾದರೂ ಬೇಕಿತ್ತು, ಈಗ ಅದೂ ಬೇಡ.

ನಮ್ಮ ಊರಿನ ನಿಜವಾದ ವಾಹನ ವಿಮಾನ ಅಲ್ಲವಲ್ಲ, ಲೋಕಲ್ ಟ್ರೇನು. ಮುಂಬಯಿಯಲ್ಲಿ ಅತಿ ಹೆಚ್ಚು ಜನ ಸತ್ತ ದಾಳಿಗಳಲ್ಲೊಂದು ನಡೆದದ್ದೂ ಅಲ್ಲೇ. 2006ರ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಲೋಕಲುಗಳಲ್ಲಿ 11 ನಿಮಿಷದಲ್ಲಿ ಏಳು ಸ್ಫೋಟ, 180ಕ್ಕೂ ಹೆಚ್ಚು ಸಾವು. ಮರುದಿನ ಬೆಳಿಗ್ಗೆ ನಾವೆಲ್ಲ ಟ್ರೇನು ಹತ್ತಿ ಕೆಲಸಕ್ಕೆ ಹೋದೆವು. ಪತ್ರಿಕೆಗಳು ಅದನ್ನು ಮುಂಬಯಿಯ ಛಲ ಎಂದು ಹೊಗಳಿದವು. ಛಲವೂ ಇರಲಿಲ್ಲ, ಗಿಲವೂ ಇರಲಿಲ್ಲ, ಹೋಗದಿದ್ದರೆ ಸಂಬಳ ಕಟ್ಟಾಗುತ್ತಿತ್ತು. ಆ ಪ್ರಕರಣದಲ್ಲಿ 2015ರಲ್ಲಿ 12 ಮಂದಿಗೆ ಶಿಕ್ಷೆಯಾಯಿತು, ಐವರಿಗೆ ಗಲ್ಲು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ 12 ಮಂದಿಯನ್ನೂ ಖುಲಾಸೆ ಮಾಡಿತು. ಆ ತೀರ್ಪನ್ನು ಬೇರೆ ಪ್ರಕರಣಗಳಿಗೆ ಪೂರ್ವನಿದರ್ಶನವಾಗಿ ಬಳಸಬಾರದೆಂದು ಸುಪ್ರೀಂ ಕೋರ್ಟ್ ಮೂರೇ ದಿನದಲ್ಲಿ ತಡೆಯಿತು. ಬಿಟ್ಟವರನ್ನು ಮತ್ತೆ ಒಳಗೆ ಹಾಕಲಿಲ್ಲ. 19 ವರ್ಷದ ನಂತರ ಸತ್ತವರ ಮನೆಯವರ ಕೈಯಲ್ಲಿ ಏನುಳಿಯಿತು? ಜೈಲಿನಲ್ಲಿ ಯೌವನ ಕಳೆದವರ ಕೈಯಲ್ಲಿ ಏನುಳಿಯಿತು?

ಸ್ಟೇಷನ್ನುಗಳ ಕಾವಲು ಆಮೇಲೆ ಎಷ್ಟು ಬದಲಾಯಿತು ಅಂತ ನೋಡಬೇಕಾದರೆ ನಮ್ಮ ಸೀವುಡ್ಸ್-ದಾರಾವೆ ಸ್ಟೇಷನ್ನಿಗೆ ಬನ್ನಿ. ಒಂದೇ ಕಟ್ಟಡ, ಮೇಲೆ ಮಾಲ್, ಕೆಳಗೆ ಪ್ಲಾಟ್‌ಫಾರಂ. ಮಾಲಿನ ಬಾಗಿಲಲ್ಲಿ ಚೀಲ ತೆರೆದು ತೋರಿಸಬೇಕು, ಲೋಹಶೋಧಕದ ಚೌಕಟ್ಟು ದಾಟಬೇಕು. ಕೆಳಗೆ ಸ್ಟೇಷನ್ನಿನಲ್ಲಿ ಸಾವಿರಗಟ್ಟಲೆ ಜನ ಚೀಲ ಬೆನ್ನಿಗೇರಿಸಿ ಓಡುತ್ತಿರುತ್ತಾರೆ, ಕೇಳುವವರಿಲ್ಲ. ಪನ್ವೇಲಿನಲ್ಲಿ ಮತ್ಸ್ಯಗಂಧ ಹತ್ತುವಾಗಲೂ ಅಷ್ಟೇ, ಅಕ್ಕಿಮೂಟೆಯೇ ಇರಲಿ, ಕಬ್ಬಿಣದ ಪೆಟ್ಟಿಗೆಯೇ ಇರಲಿ. ಮುಂಬಯಿಯ ಲೋಕಲುಗಳಲ್ಲಿ ದಿನಕ್ಕೆ 70 ಲಕ್ಷಕ್ಕೂ ಹೆಚ್ಚು ಜನ ಓಡಾಡುತ್ತಾರೆ. ಅವರನ್ನೆಲ್ಲ ವಿಮಾನದ ಹಾಗೆ ತಡವಿ ಬಿಟ್ಟರೆ ಈ ನಗರ ಮಧ್ಯಾಹ್ನದೊಳಗೆ ನಿಂತುಹೋಗುತ್ತದೆ, ನಿಜ. 2008ರ ನವೆಂಬರ್ 26ರಂದು ಸಿಎಸ್‌ಟಿ ಸ್ಟೇಷನ್ನಿನಲ್ಲಿ ಬಂದೂಕು ಹಿಡಿದು ಬಂದವರನ್ನು ಯಾವ ಲೋಹಶೋಧಕವೂ ನಿಲ್ಲಿಸುತ್ತಿರಲಿಲ್ಲ, ಅದೂ ನಿಜ. ಆದರೂ ತಾಜ್ ಹೋಟೆಲಿನ ಗುಮ್ಮಟದ ಹೊಗೆ ಜಗತ್ತಿಗೆಲ್ಲ ನೆನಪಿದೆ, ಸಿಎಸ್‌ಟಿಯಲ್ಲಿ ಊರಿನ ಗಾಡಿಗೆ ಕಾದು ಕೂತಲ್ಲೇ ಸತ್ತ ಐವತ್ತಕ್ಕೂ ಹೆಚ್ಚು ಜನರ ಹೆಸರು ಯಾರಿಗೆ ನೆನಪಿದೆ?

ತಪಾಸಣೆ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ಐಸಿ 814ರ ನಂತರ ನಮ್ಮ ದೇಶದ ಯಾವ ಪ್ರಯಾಣಿಕ ವಿಮಾನವನ್ನೂ ಅಪಹರಿಸಿ ಬೇರೆ ದೇಶಕ್ಕೆ ಒಯ್ಯಲು ಸಾಧ್ಯವಾಗಿಲ್ಲ. ಒಂದು ತಲೆಮಾರಿಗೆ ವಿಮಾನ ಅಪಹರಣ ಎಂದರೆ ಸಿನಿಮಾದ ಕಥೆಯಾಗಿರುವುದು ಸಣ್ಣ ಸಾಧನೆಯಲ್ಲ. ಪಹಲ್ಗಾಮಿನ ಹತ್ಯಾಕಾಂಡದ ನಂತರ, 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಬೆಂಕಿ ಹೊತ್ತಿದಾಗ ಎಲ್ಲ ನಿಲ್ದಾಣಗಳಲ್ಲೂ ಏಣಿಯ ಬುಡದ ಎರಡನೇ ತಪಾಸಣೆ ಮತ್ತೆ ಬಂತು. ಯಾರೂ ಗೊಣಗಲಿಲ್ಲ, ಗೊಣಗಬೇಕಾಗಿಯೂ ಇರಲಿಲ್ಲ. ನಡುಮಧ್ಯಾಹ್ನದ ಸೆಕೆಯಲ್ಲಿ ಸಾವಿರಾರು ಜನರ ಜೇಬು ತಡವುತ್ತಾ ನಿಲ್ಲುವ ಸಿಐಎಸ್‌ಎಫ್ ಹುಡುಗ ಹುಡುಗಿಯರೂ ನಮ್ಮ ಹಾಗೆ ಊರು ಬಿಟ್ಟು ಬಂದವರೇ. ಅವರಲ್ಲಿ ಒಬ್ಬರು 'ಊಟ ಆಯ್ತಾ' ಅಂತ ಕನ್ನಡದಲ್ಲಿ ಕೇಳಿದ ದಿನ ನನ್ನ ಮಟ್ಟಿಗೆ ಹಬ್ಬ.

ನಾನು ಹೇಳುವುದು ಇಷ್ಟೇ. ಭಯಕ್ಕೆ ಎರಡು ಕೆಲಸವಿದೆ. ಒಂದು, ಎಚ್ಚರ ಕಲಿಸುವುದು. ಯಜಮಾನನಿಲ್ಲದ ಚೀಲವನ್ನು ನೋಡು, ಕೆಟ್ಟ ಎಕ್ಸ್‌ರೇ ಯಂತ್ರವನ್ನು ಸರಿಮಾಡು, ಸಮವಸ್ತ್ರವನ್ನೂ ಒಮ್ಮೆ ಪ್ರಶ್ನಿಸು ಎನ್ನುವುದು. ಕನಿಷ್ಕದಿಂದ ಕಂದಹಾರದವರೆಗೆ ಸತ್ತವರು ನಮಗೆ ಕೊಟ್ಟುಹೋದ ಪಾಠ ಅದು. ಇನ್ನೊಂದು ಕೆಲಸ, ಪಕ್ಕದಲ್ಲಿ ನಿಂತವನ ಹೆಸರು ಕೇಳಿ ಹಿಂದೆ ಸರಿಯುವುದನ್ನು ಕಲಿಸುವುದು. ಅದರಿಂದ ಒಂದು ಬಾಂಬೂ ಸಿಕ್ಕಿದ್ದು ನನಗಂತೂ ಗೊತ್ತಿಲ್ಲ, ಅದರಿಂದ ಓಟು ಸಿಕ್ಕಿದ್ದು ಮಾತ್ರ ಎಲ್ಲರಿಗೂ ಗೊತ್ತು. ನಾವು ಪರವೂರಿಗೆ ಬಂದು ಬಾಳಿದವರು. 'ನೀವು ಎಲ್ಲಿಯವರು?' ಎಂಬ ಪ್ರಶ್ನೆಯಲ್ಲಿ ಎಷ್ಟು ಸಲ ಕುತೂಹಲವಿರುತ್ತದೆ, ಎಷ್ಟು ಸಲ ಮುಳ್ಳಿರುತ್ತದೆ ಎಂದು ಈ ಮಹಾರಾಷ್ಟ್ರದ ನೆಲದಲ್ಲಿ ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಕ್ಯೂನಲ್ಲಿ ನಮ್ಮನ್ನು ಬಿಟ್ಟು ಹಿಂದಿನವರನ್ನು ಬದಿಗೆ ಕರೆದಾಗ ಸ್ವಲ್ಪ ಹೊತ್ತು ಅಲ್ಲೇ ನಿಂತು ಕಾಯುವುದರಿಂದ ನಮ್ಮ ವಿಮಾನವೇನೂ ತಪ್ಪಿಹೋಗುವುದಿಲ್ಲ. ಏನಂತೀರಿ?